ಮೂರನೇ ಪಾಳಿಯ ಜ್ವರ

ನನ್ನ ಬಾಯಿಯಲ್ಲಿ ಈಗ ಉಳಿದಿರುವ ಸ್ವಂತ ಹಲ್ಲುಗಳು ಹನ್ನೊಂದು. ಮಿಕ್ಕವು ಒಂದೊಂದಾಗಿ ಅಲುಗಾಡಿ ಹೋದವು. ಮೊದಲನೆಯದು ಹೋದಾಗ ನನಗೆ ಇಪ್ಪತ್ತಾರು ವರ್ಷ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ನನ್ನ ಕಾಯಿಲೆಯನ್ನು ಹೊರಗಿನಿಂದ ನೋಡಿ ತಿಳಿಯಬಹುದಾದ ಗುರುತು ಅದೊಂದೇ. ಅದು ಬಿಟ್ಟರೆ ನಾನು ಹಣೆಗೆ ವಿಭೂತಿ ಹಚ್ಚಿಕೊಂಡು ಹಿನಕಲ್ಲಿನ ಬೀದಿಯಲ್ಲಿ ಸೈಕಲ್ ತುಳಿಯುವ ಒಬ್ಬ ಸಾಧಾರಣ ಮನುಷ್ಯ. ಮೂರು ವಾರಕ್ಕೊಮ್ಮೆ ನಾಲ್ಕೈದು ದಿನ ನನ್ನ ರಕ್ತದಲ್ಲಿ ಒಂದು ಬಗೆಯ ಬಿಳಿ ಕಣಗಳು ಹೆಚ್ಚುಕಡಿಮೆ ಇಲ್ಲವಾಗುತ್ತವೆ. ಆಮೇಲೆ ತಾವಾಗಿಯೇ ವಾಪಸು ಬರುತ್ತವೆ. ಹುಟ್ಟಿದಾಗಿನಿಂದ ಹೀಗೆಯೇ ನಡೆದಿದೆ. ಅದು ನನಗೆ ತಿಳಿಯುವ ಹೊತ್ತಿಗೆ ಮೂವತ್ತೈದು ದಾಟಿತ್ತು.

ಈ ಕಾಯಿಲೆ ಬಹಳ ಅಪರೂಪವಂತೆ. ಅದು ಇರುವವರಿಗಾಗಿ ಮಾತ್ರ ಬರೆಯುವುದಾದರೆ ಓದುವವರು ನಾಲ್ಕು ಜನ ಸಿಕ್ಕಾರು. ಆದರೆ ತಮ್ಮ ಮೈ ಹೇಳುವುದನ್ನು ಯಾರೂ ನಂಬುವುದಿಲ್ಲವೆಂದು ಬಾಯಿ ಮುಚ್ಚಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಅದೇ ಬೆಂಚಿನ ಮೇಲೆ ಕೂತಿದ್ದವನು.

ಪಕ್ಕದ ಹೆಬ್ಬಾಳದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಲೇತ್ ಆಪರೇಟರ್. ಅಲ್ಲಿ ಮೂರು ಪಾಳಿ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಬೆಳಿಗ್ಗೆ ಆರು. ಒಂದೊಂದು ವಾರ ಒಂದೊಂದು ಪಾಳಿ, ಮೂರು ವಾರವಾದ ಮೇಲೆ ಮತ್ತೆ ಮೊದಲಿನಿಂದ. ಮೂರನೆಯದನ್ನು ನಾವು ಯಾರೂ ಮೂರನೆಯದು ಅನ್ನುವುದಿಲ್ಲ, ನೈಟು ಅನ್ನುತ್ತೇವೆ. ಆಗ ಮನೆಯಲ್ಲಿ ನಾವು ನಾಲ್ವರು: ಅವ್ವ, ನಾನು, ಹೆಂಡತಿ ರತ್ನ, ಮಗಳು ಚಂದನ. ನನ್ನ ಪಾಳಿಗೆ ತಕ್ಕಂತೆ ಇಡೀ ಮನೆಯ ಊಟ, ನಿದ್ದೆ, ನೀರು ಹಿಡಿಯುವುದು ಎಲ್ಲ ತಿರುಗುತ್ತಿತ್ತು. ಅದಕ್ಕಾಗಿ ರತ್ನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವಾರದ ಮೇಲೆ ಒಂದು, ಎರಡು, ಮೂರು ಎಂದು ಬರೆದಿಡುತ್ತಿದ್ದಳು.

ಮೂರು ಎಂದು ಬರೆದ ವಾರ ಬಂದರೆ ನನಗೆ ಜ್ವರ ಬರುತ್ತಿತ್ತು. ಸೋಮವಾರ ನಾಲಗೆಯ ಅಂಚಿನಲ್ಲಿ ಉರಿ, ಮಂಗಳವಾರ ಒಸಡು ಊದಿ ಬಾಯಿ ತುಂಬ ಹುಣ್ಣು, ಬುಧವಾರ ಜ್ವರ. ಶುಕ್ರವಾರದವರೆಗೆ ಎಂಜಲು ನುಂಗುವುದೂ ಒಂದು ಕೆಲಸ. ಶನಿವಾರ ಮೆಲ್ಲಗೆ ಇಳಿಮುಖ. ಮುಂದಿನ ಸೋಮವಾರ ಮೊದಲನೇ ಪಾಳಿಗೆ ನಾನು ಏನೂ ಆಗದವನಂತೆ ಹಾಜರು.

ನಿದ್ದೆಗೆಟ್ಟರೆ ಉಷ್ಣ, ಉಷ್ಣವಾದರೆ ಬಾಯಿ ಹುಣ್ಣು. ಇದರಲ್ಲಿ ಅನುಮಾನ ಪಡುವುದಕ್ಕೆ ಏನಿದೆ? ಅವ್ವನಿಗಂತೂ ಇರಲಿಲ್ಲ. ನೈಟಿನ ವಾರ ಬಂತೆಂದರೆ ನನ್ನ ನೆತ್ತಿಗೆ ಹರಳೆಣ್ಣೆ ಒತ್ತಿ, ಗಣಿಕೆ ಸೊಪ್ಪಿನ ಸಪ್ಪೆ ಸಾರು ಮಾಡಿಸುತ್ತಿದ್ದಳು. "ನೈಟು ನಿನ್ ಮೈಗ್ ಆಗ್ಬರಲ್ಲ ಕಣ್ಲಾ ಮಾದೇವ. ಚಿಕ್ಕೋನಾಗಿದ್ದಾಗ್ಲೂ ನೀನು ಉಷ್ಣದ ಮೈಯೋನೇ" ಅನ್ನುತ್ತಿದ್ದಳು. ಚಿಕ್ಕವನಾಗಿದ್ದಾಗ ನಾನು ಯಾವ ನೈಟೂ ಮಾಡಿರಲಿಲ್ಲ ಎನ್ನುವುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಒಮ್ಮೆ ಜೊತೆಯವನೊಬ್ಬನಿಗೆ ಅವಸರದ ಕೆಲಸವಿತ್ತೆಂದು ಪಾಳಿ ಬದಲು ಮಾಡಿಕೊಂಡೆ. ನೈಟಿನ ವಾರದಲ್ಲಿ ಬೆಳಿಗ್ಗೆ ಪಾಳಿ ಮಾಡಿದೆ. ಆಗಲೂ ಜ್ವರ ಬಂತು. ಹಿಂದಿನ ಸಲದ ನೈಟಿನ ಉಷ್ಣ ಉಳಿದುಕೊಂಡಿತ್ತು ಅಂದುಕೊಂಡೆವು. ನಂಬುವುದು ಅಂತ ಒಮ್ಮೆ ತೀರ್ಮಾನವಾದ ಮೇಲೆ ಎಲ್ಲವೂ ಅದಕ್ಕೆ ಸಾಕ್ಷಿಯಾಗಿಬಿಡುತ್ತದೆ.

ಕಾರ್ಖಾನೆಯಲ್ಲಿ ನಂಬಿಕೆ ಬೇರೆಯಿತ್ತು. ನಮ್ಮ ಸೂಪರ್‌ವೈಸರ್ ಗೋವಿಂದೇಗೌಡರು ಕೆಟ್ಟವರಲ್ಲ. ಆದರೆ ಅವರಿಗೆ ಮಷೀನು ನಿಲ್ಲಬಾರದು. ಹಾಜರಿಯ ಮಸ್ಟರ್ ಪುಸ್ತಕ ತೆಗೆದು, ನನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು, "ಏನ್ ಸ್ವಾಮಿ, ನಿಮ್ ಜ್ವರಕ್ಕೂ ವಾಚ್ ಕಟ್ಟಿದೀರಾ? ಕರೆಕ್ಟಾಗಿ ನೈಟಿಗೇ ಬತ್ತದಲ್ಲ" ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಬಾಯಿ ತೆರೆದು ನಗುವಂತಿರಲಿಲ್ಲ, ಅಷ್ಟೆ.

ರಜೆ ಮೂರು ದಿನ ಮೀರಿದರೆ ಕಾರ್ಖಾನೆಯ ದವಾಖಾನೆಯಿಂದ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕೆಂಬುದು ನಿಯಮ. ನಾನು ಪ್ರತಿ ಸಲ ವಾಸಿಯಾದ ಮೇಲೆ, ಕೆಲಸಕ್ಕೆ ಹಾಜರಾಗುವ ದಿನ ಅಲ್ಲಿಗೆ ಹೋಗುತ್ತಿದ್ದೆ. ಡಾಕ್ಟರು ನಾಲ್ಕು ಸಲ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ನಾಲ್ಕೂ ಸಲ ಎಲ್ಲ ಸರಿಯಾಗಿತ್ತು. ಕಳ್ಳ ಮನೆಗೆ ಹೋದ ಮೇಲೆ ಪೊಲೀಸರನ್ನು ಕರೆದಂತಾಗುತ್ತಿತ್ತು. ಕಾಗದದ ಮೇಲೆ ನನ್ನಷ್ಟು ಗಟ್ಟಿಮುಟ್ಟಾದವನು ಆ ಕಾರ್ಖಾನೆಯಲ್ಲಿ ಇನ್ನೊಬ್ಬನಿರಲಿಲ್ಲ. ಅದೇ ನನಗೆ ಮುಳುವಾಯಿತು. ತೊಂಬತ್ತೈದರ ಸುಮಾರಿಗೆ, ಗೈರುಹಾಜರಿಗಾಗಿ ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕೇಳುವ ಮೆಮೋ ಕೈಗೆ ಬಂತು.

ಕಾರ್ಮಿಕ ಸಂಘದ ಕಾರ್ಯದರ್ಶಿ ಬಸವರಾಜು ಮಾತಿನಲ್ಲಿ ಗಟ್ಟಿಗ. ನನ್ನ ವಿರುದ್ಧದ ಮಸ್ಟರನ್ನೇ ಅವನು ನನ್ನ ಪರವಾಗಿ ತಿರುಗಿಸಿದ. ಆಡಳಿತದವರ ಮುಂದೆ ಅದೇ ಪುಸ್ತಕ ಹರಡಿ, "ನೋಡಿ ಸಾರ್, ಫಸ್ಟಲ್ಲಿ ಒಂದ್ ದಿನ ರಜ ಇಲ್ಲ, ಸೆಕೆಂಡಲ್ಲಿ ಇಲ್ಲ. ನೈಟಲ್ಲಿ ಮಾತ್ರ ಈ ಮನುಷ್ಯ ಮಲಗ್ತಾನೆ. ಇವನಿಗೆ ನೈಟೇ ಕಾಯಿಲೆ. ಜನರಲ್ ಶಿಫ್ಟ್ ಕೊಟ್ಬುಡಿ, ಒಂದ್ ದಿನ ತಪ್ಪಿಸಿದ್ರೆ ನನ್ ಕೇಳಿ" ಎಂದು ವಾದಿಸಿದ. ಗೆದ್ದ. ಮೂರನೇ ಪಾಳಿಯಿಂದಲೇ ನನಗೆ ಜ್ವರ ಬರುತ್ತಿದೆಯೆಂದೂ, ಹಗಲಿನ ಜನರಲ್ ಪಾಳಿ ಕೊಟ್ಟರೆ ಜ್ವರದ ರಜೆ ಹಾಕುವುದಿಲ್ಲವೆಂದೂ ನಾನು ಬರೆದು ಸಹಿ ಮಾಡಿಕೊಟ್ಟೆ. ಆ ಸಹಿ ಮಾಡುವಾಗ ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ನಾನು ಮನಸಾರೆ ನಂಬಿದ್ದೆ.

ಜನರಲ್ ಪಾಳಿಯ ಮೊದಲೆರಡು ವಾರ ಹಬ್ಬದಂತೆ ಕಳೆದವು. ಸಂಜೆ ಮನೆಗೆ ಬಂದು ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸುತ್ತಾಡಿಸಿದೆ. ಮೂರನೇ ಸೋಮವಾರ ನಾಲಗೆಯ ಅಂಚು ಉರಿಯಿತು.

ನನಗೆ ಆದ ಭಯವನ್ನು ನೇರವಾಗಿಯೇ ಹೇಳಬೇಕು. ಕಾಯಿಲೆಯ ಭಯವಲ್ಲ ಅದು. ಬರೆದುಕೊಟ್ಟ ಕಾಗದದ ಭಯ. ರಜೆ ಹಾಕಿದರೆ ನಾನು ಸುಳ್ಳುಗಾರ, ಬಸವರಾಜು ಸುಳ್ಳುಗಾರ. ಅದಕ್ಕಿಂತ ಹೆಚ್ಚಾಗಿ, ನನ್ನ ಪಾಲಿನ ನೈಟನ್ನು ನನ್ನ ಜೊತೆಯವರು ಹಂಚಿಕೊಂಡು ಮಾಡುತ್ತಿದ್ದರು. ಅವರ ಮುಖ ಹೇಗೆ ನೋಡುವುದು? ನಾನು ಎರಡು ಜ್ವರದ ಮಾತ್ರೆ ನುಂಗಿ ಕೆಲಸಕ್ಕೆ ಹೋದೆ.

ಹೀಗೆ ಒಂದೂವರೆ ವರ್ಷ ನಡೆಯಿತು. ಆ ನಾಲ್ಕು ದಿನ ನಾನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಡಬ್ಬಿಯಲ್ಲಿ ಕಿವುಚಿದ ಮೊಸರನ್ನ. ಊಟದ ಹೊತ್ತಿಗೆ ಎಲ್ಲರಿಂದ ದೂರ, ಸ್ಟೋರಿನ ಹಿಂದೆ. ಸ್ವಾಮಿಗೆ ಜನರಲ್ ಶಿಫ್ಟ್ ಸಿಕ್ಕಿದ ಮೇಲೆ ಗತ್ತು ಬಂದಿದೆ ಎಂದು ಜೊತೆಯವರು ಆಡಿಕೊಂಡರು. ರತ್ನನಿಂದ ಮುಚ್ಚಿಡುವುದಕ್ಕೆ ಆಗುವಂತಿರಲಿಲ್ಲ. ಅವಳು ಪ್ರತಿ ಸಲವೂ ಅದೇ ಮಾತು ಎತ್ತುತ್ತಿದ್ದಳು.

"ಹೋಗಿ ಹೇಳ್ಬುಡಿ. ನೈಟಿಂದಲ್ಲ, ಬೇರೆ ಏನೋ ಐತೆ ಅಂತ."

"ಬರ್ಕೊಟ್ಟಿದೀನಿ ಕಣೇ."

"ಬರ್ಕೊಟ್ಟಿದ್ದು ತಪ್ಪಾಗದೆ, ಅಷ್ಟೇಯ. ಅದುಕ್ಕೆ ಜೀವ ಕೊಟ್ಬುಡ್ತೀರಾ?"

ನಾನು ಬಾಯಿ ನೋಯುತ್ತಿದೆಯೆಂದು ಸನ್ನೆ ಮಾಡುತ್ತಿದ್ದೆ. ಬಾಯಿ ಹುಣ್ಣಿನಿಂದ ಆದ ಒಂದೇ ಉಪಕಾರ ಅದು.

ಅಂಥ ಒಂದು ವಾರದ ಮಂಗಳವಾರ ಲೇತಿನಿಂದ ಸಿಡಿದ ಕಬ್ಬಿಣದ ಚೂರೊಂದು ಎಡಗೈ ಹೆಬ್ಬೆರಳಿಗೆ ಚುಚ್ಚಿತು. ಲೇತಿನ ಮುಂದೆ ನಿಲ್ಲುವವರಿಗೆ ಅದು ಸೊಳ್ಳೆ ಕಚ್ಚಿದಷ್ಟೇ ಲೆಕ್ಕ. ಕಿತ್ತು ಎಸೆದು ಬಟ್ಟೆ ಸುತ್ತಿಕೊಂಡೆ. ಬುಧವಾರ ಅಂಗೈ ಊದಿತು. ಗುರುವಾರ ಬೆಳಿಗ್ಗೆ ಮೊಣಕೈವರೆಗೆ ಕೆಂಪು ಗೆರೆ ಹತ್ತಿತ್ತು, ನಡುಕ ಬಂದು ಹಲ್ಲು ಕಟಕಟ ಅನ್ನುತ್ತಿತ್ತು. ಅವ್ವ ನನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿ, "ಕೀವಿಲ್ಲ ಸದ್ಯ, ವಾಸಿಯಾಯ್ತದೆ ಬುಡು" ಎಂದಳು. ರತ್ನ ಅವಳ ಮಾತು ಕೇಳಲಿಲ್ಲ. ಪಕ್ಕದ ಮನೆಯವರ ಆಟೋ ಕೂಗಿ ನನ್ನನ್ನು ದೊಡ್ಡ ಆಸ್ಪತ್ರೆಗೆ ಹಾಕಿಕೊಂಡು ಹೋದಳು.

ಅವ್ವನಿಗೆ ಸಮಾಧಾನ ಕೊಟ್ಟ ವಿಷಯವೇ ಅಲ್ಲಿನ ಡಾಕ್ಟರಿಗೆ ಗಾಬರಿ ಹುಟ್ಟಿಸಿತು. ಇಷ್ಟು ಊದಿದ ಕೈಯಲ್ಲಿ ಒಂದು ತೊಟ್ಟು ಕೀವು ಯಾಕಿಲ್ಲ? ರಕ್ತ ತೆಗೆದರು. ಕೀವು ಕಟ್ಟುವುದೇ ಬಿಳಿ ಕಣಗಳಿಂದ. ಸಾವಿರಗಳಲ್ಲಿ ಇರಬೇಕಾಗಿದ್ದ ಅವು ಇನ್ನೂರರ ಒಳಗಿದ್ದವು. ಸಂಜೆ ರಕ್ತದ ಕಾಯಿಲೆಗಳ ಡಾಕ್ಟರ್ ಮೇಡಂ ಬಂದರು. ಐವತ್ತರ ಆಸುಪಾಸಿನವರು, ದಪ್ಪ ಕನ್ನಡಕ, ಮೆತ್ತಗಿನ ದನಿ. ಮೂಳೆಯೊಳಗಿನ ಮಜ್ಜೆಯನ್ನು ತೆಗೆದು ನೋಡಬೇಕು ಎಂದರು. ಸೊಂಟದ ಮೂಳೆಗೆ ಸೂಜಿ ಹಾಕಿ ಎಳೆದಾಗ ಆದದ್ದು ನೋವು ಎನ್ನುವುದಕ್ಕಿಂತ, ಒಳಗಿನಿಂದ ಏನೋ ಕಿತ್ತುಕೊಂಡಂಥ ಒಂದು ಸೆಳೆತ. ಒಂದು ನಿಮಿಷದ ಕೆಲಸ. ಮುಂದೆ ಯಾರಾದರೂ ಹೆದರಿಕೊಂಡಿದ್ದರೆ ಇಷ್ಟು ಹೇಳುತ್ತೇನೆ: ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ.

ಮುಗಿಯದಿದ್ದದ್ದು ಕಾಯುವುದು. ವರದಿಗೆ ಮೂರು ದಿನ ಬೇಕಾಗಿತ್ತು. ಯಾರೂ ಕ್ಯಾನ್ಸರ್ ಎನ್ನಲಿಲ್ಲ. ಆದರೆ ನನ್ನ ಮಂಚದ ಹತ್ತಿರ ಬಂದವರೆಲ್ಲ ದನಿ ಇಳಿಸಿ ಮಾತಾಡುತ್ತಿದ್ದರು, ಅದರಿಂದಲೇ ಗೊತ್ತಾಗುತ್ತಿತ್ತು. ರತ್ನ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ. ಮಗಳು ಹುಟ್ಟಿ ಐದು ವರ್ಷ, ಇಷ್ಟು ಬೇಗ ಅವಳನ್ನು ಬಿಟ್ಟು ಹೋಗಬೇಕಾಯಿತೇ ಎಂದು ನಾನು ಗೋಡೆಯ ಕಡೆ ತಿರುಗಿ ಅತ್ತೆ. ನಮ್ಮ ವಾರ್ಡಿನ ಆಯಾ ಒಬ್ಬಾಕೆ, ಹೆಸರು ಕೇಳುವುದನ್ನೂ ಮರೆತೆ, ಬ್ರೆಡ್ಡನ್ನು ಬಿಸಿ ಹಾಲಿನಲ್ಲಿ ನೆನೆಸಿ, ಆರಿಸಿ, ಚಮಚದ ಹಿಂಬದಿಯಿಂದ ಅರೆದು ಕೊಟ್ಟಳು. "ಅಗೀಬ್ಯಾಡಿ, ಸುಮ್ನೆ ನುಂಗಿ. ನಮ್ಮತ್ತೆಗೂ ಇಂಗೇ ಕೊಡ್ತಿದ್ದೆ" ಅಂದಳು. ಆ ಮೂರು ದಿನಗಳಲ್ಲಿ ನನ್ನೊಂದಿಗೆ ಮಾಮೂಲಿ ದನಿಯಲ್ಲಿ ಮಾತಾಡಿದವಳು ಅವಳೊಬ್ಬಳೇ.

ವರದಿ ಬಂತು. ಕ್ಯಾನ್ಸರ್ ಇರಲಿಲ್ಲ. ಎಳೆಯ ಕಣಗಳು ಬೇಕಾದಷ್ಟಿದ್ದವು, ಬಲಿತವು ಇರಲಿಲ್ಲ. ಮೇಡಂ ಅದಕ್ಕೆ ಕಾರಣ ಹುಡುಕುವಷ್ಟರಲ್ಲಿ, ಭಾನುವಾರದ ಪರೀಕ್ಷೆಯಲ್ಲಿ ಬಲಿತ ಕಣಗಳು ಎಲ್ಲಿಂದಲೋ ಬಂದು ನಿಂತಿದ್ದವು. ಹೆಬ್ಬೆರಳಿನಲ್ಲಿ ಕೀವೂ ಕಾಣಿಸಿತು. ಯಾವುದೋ ಮಾತ್ರೆ ಆಗಿಬರದೆ ಹೀಗಾಗಿರಬಹುದು, ಜ್ವರದ ಮಾತ್ರೆ ಬಹಳ ನುಂಗಿದ್ದೀರಿ ಎಂದು ಮನೆಗೆ ಕಳಿಸುವ ಮಾತಾಡಿದರು. ನಾನು ತಲೆ ಆಡಿಸಿದೆ. ಆ ಕಾಗದದ ವಿಷಯ ಆಗಲೂ ಹೇಳಲಿಲ್ಲ. ಈ ಜ್ವರ ಹೊಸದು ಎಂಬಂತೆ ಸುಮ್ಮನಿದ್ದೆ.

ಹೊರಡುವ ಮೊದಲು ಮೇಡಂ ರತ್ನನಿಗೆ ಊಟದ ಪಥ್ಯ ಹೇಳುತ್ತಿದ್ದರು. ಬಾಯಿ ಹುಣ್ಣಿಗೆ ಮನೆಯಲ್ಲಿ ಏನು ಕೊಡ್ತೀರಮ್ಮ ಎಂದು ಸುಮ್ಮನೆ ಕೇಳಿದರು.

"ಗಣಿಕೆ ಸೊಪ್ಪು ಮೇಡಂ. ಸೊಪ್ಪಿನ ಜಯಮ್ಮಂಗೆ ಮೊದ್ಲೇ ಹೇಳಿರ್ತೀನಿ, ಶನಿವಾರವೇ ತಂದಿಟ್ಟಿರ್ತಾಳೆ."

"ಶನಿವಾರ ಯಾಕೆ?"

"ಸೋಮವಾರ ಶುರುವಾಯ್ತದಲ್ಲ."

"ಹುಣ್ಣು ಬರೋ ಮೊದಲೇ ಸೊಪ್ಪು ತರಿಸಿಡ್ತೀರಾ?"

"ಬರೋ ದಿನ ಗೊತ್ತಲ್ಲ ಮೇಡಂ. ಮೂರು ವಾರಕ್ಕೊಂದ್ಸಲ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. ರತ್ನ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಮುಖ ನೋಡದೆ ಎಲ್ಲ ಹೇಳಿದಳು: ನೈಟು, ಮೆಮೋ, ಬರೆದುಕೊಟ್ಟದ್ದು, ಸ್ಟೋರಿನ ಹಿಂದೆ ಕೂತು ಉಂಡದ್ದು. ಮೇಡಂ ಅಂದು ನನ್ನನ್ನು ಮನೆಗೆ ಕಳಿಸಲಿಲ್ಲ. ಮರುದಿನ ರತ್ನ ಮನೆಯಿಂದ ಎರಡು ವರ್ಷದ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ತಂದಳು. ಜನರಲ್ ಪಾಳಿಯಾದ ಮೇಲೆ ಒಂದು, ಎರಡು, ಮೂರು ನಿಂತಿತ್ತು. ಅದರ ಬದಲು ಮೂರು ವಾರಕ್ಕೊಂದು ಶನಿವಾರದ ಮನೆಯಲ್ಲಿ ಸಣ್ಣದಾಗಿ 'ಸೊಪ್ಪು' ಎಂದು ಬರೆದಿತ್ತು. ಮೇಡಂ ಮಂಚದ ಮೇಲೆ ಅವನ್ನು ಹರಡಿ, ಪೆನ್ನಿನ ತುದಿಯಿಂದ ಒಂದೊಂದೇ ದಿನ ಎಣಿಸಿದರು. ಇಪ್ಪತ್ತೊಂದು. ಮತ್ತೆ ಇಪ್ಪತ್ತೊಂದು.

"ಮಹದೇವಸ್ವಾಮಿ, ನಿಮ್ಮ ಫೈಲಿನಲ್ಲಿ ಇಲ್ಲದ್ದು ಇವರ ಅಡುಗೆಮನೇಲಿತ್ತಲ್ಲ" ಎಂದರು.

ಖಚಿತಪಡಿಸಲು ಆರು ವಾರ, ವಾರಕ್ಕೆ ಮೂರು ಸಲ ರಕ್ತ ಕೊಟ್ಟೆ. ಜಯಲಕ್ಷ್ಮೀಪುರಂನಲ್ಲಿದ್ದ ಅವರ ಕ್ಲಿನಿಕ್ಕಿನ ಮುಂದಿನ ಜಗಲಿಯಲ್ಲಿ ಕಾಯುತ್ತ ಕೂರುವುದು ಅಭ್ಯಾಸವಾಯಿತು. ಕೊನೆಗೆ ಅಂಕಿಗಳನ್ನು ಒಂದು ಹಾಳೆಯ ಮೇಲೆ ಗೆರೆಯಾಗಿ ಎಳೆದು ತೋರಿಸಿದರು. ಏರಿ, ಇಳಿದು, ತಳ ಮುಟ್ಟಿ, ಮತ್ತೆ ಏರಿದ ಗೆರೆ. ಮೂವತ್ತೈದು ವರ್ಷ ನನ್ನೊಳಗೆ ನಡೆದದ್ದನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ಮೊದಲು ಬಂದದ್ದು ಸಿಟ್ಟೂ ಅಲ್ಲ, ದುಃಖವೂ ಅಲ್ಲ. ನಾನು ಸುಳ್ಳು ಹೇಳಿರಲಿಲ್ಲ ಎಂಬ ನೆಮ್ಮದಿ.

ನನಗೆ ಅರ್ಥವಾಗುವ ಹಾಗೆ ಅವರು ಹೇಳಿದ್ದು ಇಷ್ಟು. "ನಿಮ್ಮಲ್ಲಿ ಅಪ್ರೆಂಟಿಸ್ ತಗೋತಾರಲ್ಲ, ಹಾಗೆ ಮಜ್ಜೇಲಿ ಎಳೆ ಕಣಗಳು ಹುಟ್ತವೆ. ಯಾವಾಗ ಏನು ಕಲೀಬೇಕು, ಯಾವಾಗ ರಕ್ತಕ್ಕೆ ಇಳೀಬೇಕು ಅನ್ನೋ ಸೂಚನೆಯೆಲ್ಲ ಜೀನುಗಳಲ್ಲಿರುತ್ತೆ. ನಿಮಗೆ ಅದರಲ್ಲೊಂದು ಕಡೆ ತಪ್ಪಿದೆ. ಅರ್ಧ ಕಲಿಯೋಷ್ಟರಲ್ಲಿ ಕಣಗಳು ಸಾಯ್ತವೆ. ಸೋಂಕಿನ ಜೊತೆ ಜಗಳ ಆಡೋಕೆ ಆ ನಾಲ್ಕು ದಿನ ಯಾರೂ ಇರಲ್ಲ."

"ಇಪ್ಪತ್ತೊಂದೇ ದಿನ ಯಾಕೆ ಮೇಡಂ?"

"ಅದು ನನಗೂ ಸರಿಯಾಗಿ ಗೊತ್ತಿಲ್ಲ" ಎಂದರು. ಗೊತ್ತಿಲ್ಲ ಎಂದು ಹೇಳಿದ ಮೊದಲ ಡಾಕ್ಟರು ಅವರು. ಅವರ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಆಗಲೇ.

ನನ್ನ ಮೈಯ ಮೂರು ವಾರ, ಕಾರ್ಖಾನೆಯ ಮೂರು ವಾರ, ಎರಡೂ ಒಂದೇ ಅಳತೆಯಾಗಿದ್ದದ್ದು ಕೇವಲ ಆಕಸ್ಮಿಕ. ಕೆಲಸಕ್ಕೆ ಒಂದು ವಾರ ಹಿಂದೆ ಸೇರಿದ್ದರೆ ನನ್ನದು ಬೇರೊಂದು ಪಾಳಿಯ ಜ್ವರವಾಗುತ್ತಿತ್ತು. ಬಸವರಾಜು ಅದಕ್ಕೂ ಒಂದು ವಾದ ಹುಡುಕುತ್ತಿದ್ದ.

ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಮೇಡಂ ಕೇಳಿದಾಗ ಅವ್ವ ಜೊತೆಯಲ್ಲಿದ್ದಳು. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಹಲ್ಲು ಕೀಳಿಸಿಕೊಂಡು ಬಂದ ಮೂರನೇ ದಿನ ಜ್ವರ ಏರಿ ಹೋದರು ಎಂದಷ್ಟೇ ನನಗೆ ಗೊತ್ತಿತ್ತು. ಅವ್ವ ಸೆರಗಿನ ತುದಿ ತಿರುಚುತ್ತ, "ಅವ್ರ್‌ಗೂ ಬಾಯ್ಹುಣ್ಣು ಬತ್ತಿತ್ತು. ಅಮಾಸೆ ಉಣ್ಮೆಗೆ ಬತ್ತದೆ ಅಂದ್ಕೊಂಡಿದ್ದೆ. ನಾನು ಎಣಿಸ್ಲಿಲ್ಲ ಕಣಮ್ಮ" ಎಂದಳು. ಆಮೇಲೆ, "ಆ ವಾರ ಹಲ್ ಕೀಳ್ಸಿ ಅಂತ ಕಳ್ಸಿದ್ದೂ ನಾನೇ" ಎಂದಳು. ಮೇಡಂ ಅವಳ ಕೈ ಹಿಡಿದುಕೊಂಡು, ಅವತ್ತು ಯಾವ ಡಾಕ್ಟರಿಗೂ ಇದು ಗೊತ್ತಿರಲಿಲ್ಲಮ್ಮ ಎಂದರು. ಅವ್ವ ಮನೆಗೆ ಬಂದ ಮೇಲೂ ಆ ಮಾತನ್ನು ಹಲವು ಸಲ ತನಗೆ ತಾನೇ ಹೇಳಿಕೊಂಡಳು.

ಮೇಡಂ ಕೊಟ್ಟ ಪತ್ರ ಹಿಡಿದು ನಾನು ಗೋವಿಂದೇಗೌಡರ ಬಳಿ ಹೋದೆ. ಬಸವರಾಜು ಬೇಡವೆಂದಿದ್ದ. "ಕಾಯಿಲೆ ನಿಜ ತಾನೇ? ಜನರಲ್ ಶಿಫ್ಟ್ ಸಿಕ್ಕದೆ, ಸುಮ್ನಿರಿ" ಅಂದಿದ್ದ. ಆದರೆ ಸುಮ್ಮನಿದ್ದು ಸುಮ್ಮನಿದ್ದು ನನ್ನ ಕೈ ಹೋಗುವುದರಲ್ಲಿತ್ತು. ನೈಟು ಕಾರಣವಲ್ಲವೆಂದೂ, ನಾನು ಬರೆದುಕೊಟ್ಟದ್ದು ತಪ್ಪೆಂದೂ, ನನ್ನನ್ನು ಎಲ್ಲರಂತೆ ಮೂರು ಪಾಳಿಗೂ ಹಾಕಿ, ಆ ನಾಲ್ಕು ದಿನ ಮಾತ್ರ ರಜೆ ಕೊಡಬೇಕೆಂದೂ ಹೇಳಿದೆ. ಗೌಡರು ಪತ್ರವನ್ನು ಎರಡು ಸಲ ಓದಿದರು. ಡ್ರಾಯರಿನಿಂದ ಪಾಳಿಯ ಪಟ್ಟಿ ತೆಗೆದು ಪೆನ್ಸಿಲ್ ಚೂಪು ಮಾಡಿಕೊಂಡರು.

"ದಿನ ಹೇಳಿ ಸ್ವಾಮಿ" ಎಂದರು. ನಾನು ಹೇಳುತ್ತಾ ಹೋದೆ, ಅವರು ಆರು ತಿಂಗಳವರೆಗೆ ಗುರುತು ಹಾಕಿಕೊಂಡರು. "ಇಪ್ಪತ್ತೆರಡು ವರ್ಷ ಆಯ್ತು ಸೂಪರ್‌ವೈಸರ್ ಆಗಿ. ಯಾವತ್ತು ಬರಲ್ಲ ಅಂತ ಆರ್ ತಿಂಗಳು ಮೊದ್ಲೇ ಹೇಳೋ ಕೆಲಸಗಾರ ಇವತ್ತೇ ಸಿಕ್ಕಿದ್ದು" ಎಂದರು. ಅದು ಅವರ ಕ್ಷಮೆಯ ಧಾಟಿ. ನನಗೆ ಸಾಕಾಗಿತ್ತು.

ಆಮೇಲೆ ಕೆಲವು ವರ್ಷಗಳಲ್ಲಿ ಮಜ್ಜೆಯನ್ನು ಚುರುಕುಗೊಳಿಸುವ ಇಂಜೆಕ್ಷನ್ ಸಿಗತೊಡಗಿತು. ತಂಪಿನಲ್ಲಿಡಬೇಕು. ನಮ್ಮಲ್ಲಿ ಫ್ರಿಜ್ ಇರಲಿಲ್ಲ. ಎದುರು ಮನೆಯ ಮೇಷ್ಟರ ಹೆಂಡತಿ ತಮ್ಮ ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಪಕ್ಕ ಜಾಗ ಕೊಟ್ಟರು. ಮಡಿಯ ಹೆಂಗಸು ಆಕೆ. "ಇದ್ರಲ್ಲಿ ಮೊಟ್ಟೆ ಗಿಟ್ಟೆ ಇಲ್ಲ ತಾನೇ ಸ್ವಾಮ್ಯೋರೆ?" ಎಂದು ಒಮ್ಮೆ ಕೇಳಿದರು, ಮತ್ತೆ ಕೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಒಳ್ಳೆಯ ಪಾಠ ಕಲಿತ ಮನುಷ್ಯ ಎಂದು ಬರೆದುಕೊಳ್ಳಬಹುದಿತ್ತು. ಆದರೆ ಮೇಡಂ ಮೊದಲ ವರ್ಷವೇ ಇನ್ನೊಂದು ಮಾತು ಹೇಳಿದ್ದರು. "ಮಗಳಿಗೂ ಬಂದಿರಬಹುದು. ಅರ್ಧಕ್ಕರ್ಧ ಸಾಧ್ಯತೆ. ಆರು ವಾರ ರಕ್ತ ನೋಡೋಣ." ಮಗು ಚೆನ್ನಾಗಿದೆ ಮೇಡಂ, ಇನ್ನೊಂದು ಸ್ವಲ್ಪ ದೊಡ್ಡವಳಾಗಲಿ ಎಂದುಬಿಟ್ಟೆ. ಚಂದನಳಿಗೆ ಆಗಾಗ ಬಾಯಿ ಹುಣ್ಣಾಗುತ್ತಿದ್ದುದನ್ನು ನಾನು ಕಂಡಿರಲಿಲ್ಲ ಅಂತಲ್ಲ. ಎಣಿಸಲಿಲ್ಲ. ಎಣಿಸಿದರೆ ಎಷ್ಟು ಬರುತ್ತದೆಂದು ನನಗೆ ಗೊತ್ತಿತ್ತು.

ಎರಡು ವರ್ಷದ ನಂತರ ಒಂದು ಶನಿವಾರ ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂತಿದ್ದಾಗ ಸೊಪ್ಪಿನ ಜಯಮ್ಮ ಬಂದು ಬುಟ್ಟಿ ಇಳಿಸಿ, ಎರಡು ಕಟ್ಟು ಗಣಿಕೆ ಸೊಪ್ಪು ತೆಗೆದಿಟ್ಟಳು.

"ಇವತ್ತಲ್ಲ ಜಯಮ್ಮ, ನಂದು ಹೋದ ಶನಿವಾರವೇ ಆಯ್ತು" ಎಂದೆ.

"ನಿಮ್ದಲ್ಲ ಕಣಣ್ಣ. ಅಮ್ಮಾವ್ರು ಈ ಸನಿವಾರ್ದ್‌ದೂ ತಕೊಂಬಾ ಅಂತ ಯೋಳವ್ರೆ. ಒಂದ್ ವರ್ಸಾಯ್ತು, ತಂದ್ಕೊಡ್ತಿವ್ನಿ."

ನಾನು ಎದ್ದು ಅಡುಗೆಮನೆಗೆ ಹೋದೆ. ಕ್ಯಾಲೆಂಡರಿನಲ್ಲಿ ನನ್ನ ಗುರುತು ಪೆನ್ನಿನಲ್ಲಿತ್ತು. ಅದರ ಮುಂದಿನ ವಾರದಲ್ಲಿ, ಪೆನ್ಸಿಲಿನಲ್ಲಿ, ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುವಂಥ ಒಂದು ಚುಕ್ಕೆ. ಮೂರು ವಾರದ ಆಚೆ ಇನ್ನೊಂದು. ರತ್ನ ಒಲೆಯ ಮುಂದೆ ನಿಂತಿದ್ದವಳು ತಿರುಗಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬ್ಯಾಡ ಅಂತಿದ್ರಿ. ನೀವು ಒಪ್ಪೋಗಂಟ ಮೊಗ ನೋಯ್ತಾ ಕೂತಿರಾಕಾಯ್ತದಾ? ಸೊಪ್ಪಾದ್ರೂ ಕೊಡಾನ ಅಂತ."

ನನ್ನನ್ನು ನಂಬದ ಕಾರ್ಖಾನೆಯ ಬಗ್ಗೆ ನಾನು ಅದೆಷ್ಟು ವರ್ಷ ಕುದಿದಿದ್ದೆ. ನನ್ನ ಮನೆಯಲ್ಲಿಯೇ ನನ್ನ ಮಗಳ ಜ್ವರವನ್ನು ನನ್ನಿಂದ ಮುಚ್ಚಿಡಬೇಕಾಗಿ ಬಂದಿತ್ತು. ಅವಳ ಪಾಲಿಗೆ ಗೋವಿಂದೇಗೌಡ ನಾನೇ ಆಗಿದ್ದೆ. ನಾಚಿಕೆಯಾಯಿತು. ಆ ಸೋಮವಾರವೇ ಮೇಡಂ ಬಳಿಗೆ ಕರೆದುಕೊಂಡು ಹೋದೆವು. ಚಂದನ ಆರು ವಾರ ಬೆರಳು ಚುಚ್ಚಿಸಿಕೊಂಡಳು. ಮೊದಲ ವಾರ ಅತ್ತಳು, ಎರಡನೇ ವಾರ ಯಾವ ಬೆರಳು ಎಂದು ತಾನೇ ಹೇಳಿದಳು, ಕೊನೆಯ ವಾರ ಲ್ಯಾಬಿನವರಿಗೆ ಬುದ್ಧಿ ಹೇಳುತ್ತಿದ್ದಳು. ಗೆರೆ ಎಳೆದಾಗ ನನ್ನ ಗೆರೆಯಂಥದೇ ಬಂತು. ಅವಳು ಅದನ್ನು ನೋಡಿ, "ಅಪ್ಪಂದೂ ಹಿಂಗೇ ಅಲ್ವಾ?" ಎಂದು ಕೇಳಿದಳು. ಹೌದು ಎಂದೆ. ಅವಳಿಗೆ ಅದರಲ್ಲಿ ಒಂದು ಬಗೆಯ ಖುಷಿ ಇದ್ದಂತೆ ಕಂಡಿತು. ನನಗೆ ಆ ಹೊತ್ತು ಕಣ್ಣಲ್ಲಿ ನೀರು ಬಂತು.

ಈಗ ಅವಳಿಗೆ ಇಂಜೆಕ್ಷನ್ ಇದೆ, ಹುಣ್ಣು ಕಡಿಮೆ, ಹಲ್ಲುಗಳೆಲ್ಲ ಇವೆ. ತಳ ಮುಟ್ಟುವ ದಿನಗಳಲ್ಲಿ ಮಾತ್ರ ಜನಜಂಗುಳಿಗೆ ಕಳಿಸುವುದಿಲ್ಲ. ಅವ್ವ ತೀರಿಕೊಂಡಳು, ಕೊನೆಯವರೆಗೂ ಮೊಮ್ಮಗಳ ಚುಕ್ಕೆಗಳನ್ನು ತಾನೇ ಎಣಿಸುತ್ತಿದ್ದಳು, ಒಂದು ದಿನ ಹೆಚ್ಚುಕಡಿಮೆಯಾದರೆ ರತ್ನನನ್ನು ಕರೆದು ಕೇಳುತ್ತಿದ್ದಳು.

ಚಂದನ ಹೈಸ್ಕೂಲಿಗೆ ಸೇರಿದ ದಿನ ನಾನೇ ಕರೆದುಕೊಂಡು ಹೋದೆ. ಹೊಸ ಶಾಲೆ, ಹೊಸ ಟೀಚರು. ಹೇಗೆ ಹೇಳುವುದು, ಎಷ್ಟು ಹೇಳುವುದು, ಮೊದಲ ದಿನವೇ ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ತರಗತಿಯ ಬಾಗಿಲಲ್ಲಿ ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವಳು ನೇರವಾಗಿ ಒಳಗೆ ಹೋಗಿ, ಚೀಲದಿಂದ ಮಡಿಸಿದ ಕ್ಯಾಲೆಂಡರು ತೆಗೆದು ಟೀಚರ ಮೇಜಿನ ಮೇಲಿಟ್ಟಿದ್ದಳು.

"ಮಿಸ್, ಗುರುತು ಹಾಕಿರೋ ದಿನ ನಾನು ಬರಲ್ಲ. ಮಿಕ್ಕಿದ ದಿನ ಎಲ್ಲಾ ಬರ್ತೀನಿ."

"ಇದೇನಮ್ಮ, ಯಾರು ಬರೆದದ್ದು?"

"ಗುರುತು ನಮ್ಮಮ್ಮ ಹಾಕಿದ್ದು. ಕಾಯಿಲೆ ನಮ್ಮಪ್ಪಂದು" ಎಂದು ಬಾಗಿಲ ಕಡೆ ಕೈ ತೋರಿಸಿದಳು.

ಟೀಚರು ನನ್ನನ್ನು ನೋಡಿದರು. ಇಡೀ ತರಗತಿ ನೋಡಿತು. "ನಿಮಗೂ ಇದೆಯಾ?" ಎಂದು ಕೇಳಿದರು.

ನನ್ನ ಜೇಬಿನಲ್ಲಿ ಡಾಕ್ಟರ ಪತ್ರವಿತ್ತು. ತೆಗೆಯಲಿಲ್ಲ.

"ಇದೆ ಮೇಡಂ" ಎಂದೆ. "ನಂದು ಬರೋ ಸೋಮವಾರ ಶುರುವಾಗುತ್ತೆ."